ಟೋಫಿಶ್ ಸ್ಥಿರತೆ ಪರೀಕ್ಷೆ: 4 ನಾಟ್‌ವರೆಗೆ ಪರವಾಗಿಲ್ಲ, 5.5ರಲ್ಲಿ ವಾಲಿಕೊಂಡು ಓಲಾಡುತ್ತೆ. ಕಾರಣ ಹುಡುಕೋದು ಹೇಗೆ?

ತಳಸಮೀಕ್ಷೆ

ಸೈಡ್‌ಸ್ಕ್ಯಾನ್ ಸೋನಾರ್ (ಎರಡೂ ಪಕ್ಕಕ್ಕೆ ಶಬ್ದ ಕಳಿಸಿ ತಳದ ಚಿತ್ರ ತೆಗೆಯುವ ಸಾಧನ) ಇರುವ ಟೋಫಿಶ್, ಅಂದರೆ ಹಡಗು ಕೇಬಲ್ ಕಟ್ಟಿ ನೀರಿನೊಳಗೆ ಎಳೆಯುವ ಉಪಕರಣ. ಉದ್ದ 1.4 ಮೀ, ಗಾಳಿಯಲ್ಲಿ ತೂಕ 40 ಕೆಜಿ, ಸಮುದ್ರದ ನೀರಿನಲ್ಲಿ 14.4 ಕೆಜಿ. ಬಾಲದಲ್ಲಿ ನಾಲ್ಕು ರೆಕ್ಕೆ: ಎರಡು ಅಡ್ಡ, ಎರಡು ನೆಟ್ಟಗೆ. ಕೇಬಲ್ 8 ಮಿಮೀ ದಪ್ಪ, ನೀರಿನಲ್ಲಿ ಮೀಟರಿಗೆ ಸುಮಾರು 2 ನ್ಯೂಟನ್ ಭಾರ, ಹೊರಗೆ ಬಿಟ್ಟಿದ್ದು 60 ಮೀ. ಗಾಳಿ ಇಲ್ಲ, 8 ಸೆಕೆಂಡಿನ ತಗ್ಗು ಸ್ವೆಲ್ (ದೂರದಿಂದ ಬರುವ ಉದ್ದನೆಯ ಅಲೆ) ಇದೆ.

ಎಡಕ್ಕೆ ವಾಲುವ ಸರಾಸರಿ ಕೋನ 3 ನಾಟ್‌ನಲ್ಲಿ 2.7°, 4ರಲ್ಲಿ 4.8°, 5.5ರಲ್ಲಿ 9°. ಜೊತೆಗೆ 5.5ರಲ್ಲಿ ಮೂತಿ ಸುಮಾರು 3 ಸೆಕೆಂಡಿಗೊಮ್ಮೆ ಎಡಕ್ಕೆ 2°, ಬಲಕ್ಕೆ 2° ಆಡುತ್ತೆ. ಕಡಿಮೆ ವೇಗದಲ್ಲಿ ಈ ಆಟ ಕಾಣಲ್ಲ. ಫಿಶ್‌ನೊಳಗಿನ ಮೋಷನ್ ಸೆನ್ಸರ್ 20 ಹರ್ಟ್ಜ್‌ನಲ್ಲಿ ದಾಖಲಿಸುತ್ತೆ. ಹಡಗಿನ ಅಲುಗಾಟ ಕೇಬಲ್ ಹಿಡಿದು ಬರ್ತಿದೆಯೋ, ಫಿಶ್ಶೇ ಅಸ್ಥಿರವೋ? ಎಲ್ಲಿಂದ ಶುರು ಮಾಡಬೇಕು?

ಸೊನ್ನೆ_ಡಿಗ್ರಿ

ವಾಲುವುದು ಬೇರೆ, ಓಲಾಡುವುದು ಬೇರೆ. ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡರೆ ಪರೀಕ್ಷೆ ದಾರಿ ತಪ್ಪುತ್ತೆ. ಮೊದಲು ವಾಲುವುದನ್ನು ನೋಡೋಣ.

ನಿಮ್ಮ ಮೂರು ಅಂಕಿಗಳೇ ಅರ್ಧ ಉತ್ತರ ಹೇಳ್ತಿವೆ. 4ರಿಂದ 5.5 ನಾಟ್‌ಗೆ ಹೋದರೆ ವೇಗದ ವರ್ಗ 1.89 ಪಟ್ಟು ಆಗುತ್ತೆ. 4.8° ಇದ್ದದ್ದು 9° ಆಗಿದೆ, ಅಂದರೆ ಹತ್ತಿರಹತ್ತಿರ ಅಷ್ಟೇ ಪಟ್ಟು. 3 ನಾಟ್‌ನ ಅಂಕಿಯೂ ಅದೇ ರೇಖೆಯ ಮೇಲಿದೆ. ಫಿಶ್ಶನ್ನು ನೆಟ್ಟಗೆ ನಿಲ್ಲಿಸುವ ತಿರುಗುಬಲ ಬರುವುದು ತೂಕದಿಂದ. ವೇಗ ಎಷ್ಟಾದರೂ ಅದು ಬದಲಾಗಲ್ಲ. ವಾಲಿಸುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತಿದೆ ಅಂದರೆ ಅದು ನೀರಿನ ಹರಿವಿನದ್ದು: ರೆಕ್ಕೆಯೋ, ಮೈಗೆ ಸಿಕ್ಕಿಸಿದ ಯಾವುದೋ ಬ್ರಾಕೆಟ್ಟೋ. 4 ನಾಟ್‌ನಲ್ಲಿ ಪಾಸಾದ ಫಿಶ್ 6ರಲ್ಲೂ ಪಾಸಾಗುತ್ತೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲದಿರುವುದು ಇದೇ ಕಾರಣಕ್ಕೆ.

ಹಡಗಿಗೆ ಹೋಗುವ ಮುಂಚೆ ತೊಟ್ಟಿಯಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಟೋ ಪಾಯಿಂಟ್‌ನಿಂದಲೇ (ಕೇಬಲ್ ಕಟ್ಟುವ ಜಾಗ) ಫಿಶ್ಶನ್ನು ನೀರಿನೊಳಗೆ ತೂಗುಹಾಕಿ. ಒಳಗೆ ನೀರು ತುಂಬುವ ಭಾಗಗಳಲ್ಲಿ ಗಾಳಿ ನಿಲ್ಲದಂತೆ ಒಮ್ಮೆ ಮೂತಿ ಮೇಲೆ, ಒಮ್ಮೆ ಬಾಲ ಮೇಲೆ ಮಾಡಿ, ಗುಳ್ಳೆ ಬರುವುದು ಪೂರ್ತಿ ನಿಲ್ಲುವವರೆಗೆ ಅಲ್ಲಾಡಿಸಿ. ಅರ್ಧ ಲೀಟರ್ ಗಾಳಿ ಸಿಕ್ಕಿಕೊಂಡರೂ ಅರ್ಧ ಕೆಜಿ ತೇಲುಬಲ ತಪ್ಪಾದ ಜಾಗದಲ್ಲಿ ಕೂತ ಹಾಗೆ. ಆಮೇಲೆ ಟೋ ಪಾಯಿಂಟ್‌ನ ಮಟ್ಟದಲ್ಲೇ ಒಂದು ಅಡ್ಡಪಟ್ಟಿ ಕಟ್ಟಿ, ನಡುವಿನಿಂದ 20 ಸೆಂಮೀ ದೂರದಲ್ಲಿ, ನೀರಿನೊಳಗೆ ಅರ್ಧ ಕೆಜಿ ತೂಗುವ ಸೀಸ ನೇತುಹಾಕಿ, ಎಷ್ಟು ಡಿಗ್ರಿ ವಾಲುತ್ತೆ ಅಂತ ಅಳೆಯಿರಿ. ಪಟ್ಟಿ ಟೋ ಪಾಯಿಂಟ್‌ಗಿಂತ ಕೆಳಗಿದ್ದರೆ ಸೀಸವೂ ನೆಟ್ಟಗೆ ನಿಲ್ಲಿಸುವ ಬಲಕ್ಕೆ ಸೇರಿಕೊಂಡು ಲೆಕ್ಕ ಕೆಡಿಸುತ್ತೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮಾಡಿ ಸರಾಸರಿ ತೆಗೆಯಿರಿ. ಎರಡರ ನಡುವೆ ವ್ಯತ್ಯಾಸ ಇದ್ದರೆ ಫಿಶ್ ನಿಂತ ನೀರಿನಲ್ಲೇ ವಾಲಿದೆ ಅಂತ.

ತೊಟ್ಟಿಯದು ಸಿಹಿನೀರು ಅನ್ನೋದು ನೆನಪಿರಲಿ. 25 ಲೀಟರ್ ಗಾತ್ರದ ಫಿಶ್‌ಗೆ ಸಮುದ್ರದಲ್ಲಿ ಸುಮಾರು 0.6 ಕೆಜಿ ತೇಲುಬಲ ಹೆಚ್ಚು ಸಿಗುತ್ತೆ.

ಹಿಂದಿನ_ಡೆಕ್

ಅಷ್ಟೆಲ್ಲ ಯಾಕೆ? ಬಾಲದ ಜೋಡಣೆ ಬಿಚ್ಚಿ, 180° ತಿರುಗಿಸಿ ಮತ್ತೆ ಹಾಕಿ, ಅದೇ ವೇಗದಲ್ಲಿ ಎಳೆಯಿರಿ. ವಾಲುವ ದಿಕ್ಕು ಬದಲಾದರೆ ತಪ್ಪು ಬಾಲದ್ದು. ಬದಲಾಗದಿದ್ದರೆ ಮೈಯದ್ದು, ಇಲ್ಲಾ ಕೇಬಲ್‌ದು. ಅರ್ಧ ಗಂಟೆ ಕೆಲಸ.

ಕೇಬಲ್ ತಿರುಚಿಕೊಳ್ಳೋದನ್ನೂ ಮರೀಬೇಡಿ. ಉಕ್ಕಿನ ತಂತಿ ಒಂದೇ ಪದರ ಸುತ್ತಿದ ಕೇಬಲ್ ಆದರೆ ಎಳೆತ ಬಿದ್ದಾಗ ಬಿಚ್ಚಿಕೊಳ್ಳಲು ನೋಡುತ್ತೆ, ಆ ತಿರುಚು ನೇರ ಫಿಶ್ ಮೇಲೆ ಬೀಳುತ್ತೆ. ವಿರುದ್ಧ ದಿಕ್ಕಿನ ಎರಡು ಪದರ ಇರೋದೇ ಅದಕ್ಕೆ. ಸ್ವಿವೆಲ್ (ತಿರುಚು ಫಿಶ್‌ಗೆ ದಾಟದಂತೆ ತಾನೇ ತಿರುಗುವ ಕೊಂಡಿ) ಇದೆಯಾ? ಇದ್ದರೆ ಭಾರ ಹಾಕಿದಾಗಲೂ ತಿರುಗುತ್ತಾ? ಕೈಯಲ್ಲಿ ತಿರುಗುವ ಎಷ್ಟೋ ಸ್ವಿವೆಲ್‌ಗಳು 15 ಕೆಜಿ ನೇತುಹಾಕಿದ ಕೂಡಲೇ ಬಿಗಿದುಕೊಳ್ತವೆ.

ಸೊನ್ನೆ_ಡಿಗ್ರಿ

ಬಾಲ ತಿರುಗಿಸುವ ಉಪಾಯ ರೋಲ್‌ಗೆ, ಅಂದರೆ ಪಕ್ಕಕ್ಕೆ ವಾಲುವುದಕ್ಕೆ, ಕೆಲಸ ಮಾಡಲ್ಲ, ಹುಷಾರು. ಫ್ಯಾನನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಗಾಳಿ ಹಿಂದಕ್ಕೆ ಬರುತ್ತಾ? ಇಲ್ಲ ತಾನೇ. ಎಡ ರೆಕ್ಕೆಯ ಹಿಂದಿನ ಅಂಚು ಕೆಳಕ್ಕೆ ಬಾಗಿದ್ದರೆ ಅದು ಎಡಭಾಗವನ್ನು ಎತ್ತಿ ಫಿಶ್ಶನ್ನು ಬಲಕ್ಕೆ ವಾಲಿಸುತ್ತೆ. 180° ತಿರುಗಿಸಿದರೆ ಅದೇ ರೆಕ್ಕೆ ಬಲಕ್ಕೆ ಬಂದು, ಹಿಂದಿನ ಅಂಚು ಮೇಲಾಗಿ, ಬಲಭಾಗವನ್ನು ಕೆಳಗೆ ತಳ್ಳುತ್ತೆ. ಮತ್ತೆ ಬಲಕ್ಕೇ ವಾಲಿತು. ದಿಕ್ಕು ಬದಲಾಗಲಿಲ್ಲ ಅಂತ ಬಾಲವನ್ನು ನಿರ್ದೋಷಿ ಅಂದುಬಿಟ್ಟರೆ ಮುಂದಿನ ಪರೀಕ್ಷೆಗಳೆಲ್ಲ ದಂಡ.

180° ತಿರುಗಿಸಿದಾಗ ದಿಕ್ಕು ಬದಲಾಗುವುದು ಮೂತಿ ಒಂದು ಕಡೆಗೆ ಎಳೆಯುವುದು, ಮೂತಿ ಏರುವುದು ಅಥವಾ ಇಳಿಯುವುದು, ಇವು. ಅವಕ್ಕೆ ಈ ಪರೀಕ್ಷೆ ಚೆನ್ನಾಗಿದೆ.

ರೋಲ್‌ಗೆ ಮಾಡಬೇಕಾದ್ದು ಬೇರೆ. ಬೇಕೆಂದೇ ಒಂದು ಅಡ್ಡ ರೆಕ್ಕೆಯ ಬುಡದಲ್ಲಿ ತೆಳು ಶಿಮ್ (ಸಂದಿಗೆ ತೂರಿಸುವ ತಗಡು) ಕೊಟ್ಟು, ಬಲಕ್ಕೆ ವಾಲಿಸುವ ಹಾಗೆ 1° ಓರೆ ಮಾಡಿ. ಅದೇ ವೇಗ, ಅದೇ ಕೇಬಲ್ ಉದ್ದ. ವಾಲುವ ಕೋನ ಎಷ್ಟು ಕಡಿಮೆಯಾಯಿತು ಅನ್ನೋದರಿಂದ ಡಿಗ್ರಿಗೆ ಇಷ್ಟು ಅಂತ ಅಳತೆ ಸಿಗುತ್ತೆ, ಪೂರ್ತಿ ಸರಿಯಾಗಲು ಎಷ್ಟು ಬೇಕು ಅನ್ನೋದೂ ತಿಳಿಯುತ್ತೆ.

ಹಿಂದಿನ_ಡೆಕ್

ಸರಿ, ರೋಲ್ ವಿಷಯದಲ್ಲಿ ಒಪ್ಪಿದೆ. ಕೇಬಲ್ ತಿರುಚು ಬೇರೆ ಮಾಡಿ ನೋಡೋಕೆ ಇನ್ನೊಂದು ದಾರಿ: ವೇಗ ಹಾಗೇ ಇಟ್ಟು ಕೇಬಲ್ ಮಾತ್ರ 30, 60, 100 ಮೀ ಮಾಡಿ. ರೆಕ್ಕೆಯ ತಪ್ಪಾದರೆ ಕೋನ ಅಲ್ಲಾಡಬಾರದು. ತಿರುಚಾದರೆ ಉದ್ದದ ಜೊತೆ ಬದಲಾಗುತ್ತೆ.

ಕಡಲಗುಂಟ

ಓಲಾಟದ ಬಗ್ಗೆ. 8 ಸೆಕೆಂಡಿನ ಸ್ವೆಲ್ ಅಂತ ಬರೆದಿದ್ದೀರಿ, ಆದರೆ ಹೋಗುತ್ತಿರುವ ಹಡಗಿಗೆ ಅದು 8 ಸೆಕೆಂಡಿನದ್ದಲ್ಲ. 5.5 ನಾಟ್ ಅಂದರೆ ಸೆಕೆಂಡಿಗೆ 2.83 ಮೀ. ಆಳದ ನೀರಿನಲ್ಲಿ ಅಲೆಗೆ ಎದುರಾಗಿ ಹೋದರೆ ಹಡಗಿಗೆ ತಟ್ಟುವ ಅಂತರ ಸುಮಾರು 6.5 ಸೆಕೆಂಡ್, ಅಲೆಯ ಜೊತೆಗೇ ಹೋದರೆ 10.3 ಸೆಕೆಂಡ್. ಹಾಗಾಗಿ ಒಂದೇ ಗೆರೆಯ ಮೇಲೆ ಎದುರುಬದುರು ಎರಡು ಓಟ ಮಾಡಿ. ಫಿಶ್‌ನ ದಾಖಲೆಯ ಸ್ಪೆಕ್ಟ್ರಮ್‌ನಲ್ಲಿ (ಎಷ್ಟು ಸೆಕೆಂಡಿನ ಆಟ ಎಷ್ಟು ಜೋರಾಗಿದೆ ಅಂತ ತೋರಿಸುವ ಚಿತ್ರ) ಯಾವ ಶಿಖರ 6.5ರಿಂದ 10.3ಕ್ಕೆ ಸರಿಯುತ್ತೋ ಅದು ಹಡಗಿನ ಕೊಡುಗೆ. ಎರಡೂ ದಿಕ್ಕಿನಲ್ಲಿ 3 ಸೆಕೆಂಡಿನಲ್ಲೇ ನಿಂತದ್ದು ಫಿಶ್‌ದು ಅಥವಾ ಕೇಬಲ್‌ದು.

ಆಮೇಲೆ ವೇಗವನ್ನು ಸ್ವಲ್ಪ ಬದಲಿಸಿ: 5, 5.5, 6. ಓಲಾಟದ ಆವರ್ತನ ವೇಗದ ಜೊತೆಗೇ ಏರಿದರೆ ಬಾಲದ ರೆಕ್ಕೆ ಮತ್ತು ಮೈಯ ನಡುವಿನ ಹರಿವಿನ ಆಟ. ವೇಗಕ್ಕೆ ಸೊಪ್ಪು ಹಾಕದೆ ಇದ್ದಲ್ಲೇ ಇದ್ದರೆ ತೂಗುಲೋಲಕದ ಆಟ.

ಆದರೆ ಇದಕ್ಕೂ ಮುಂಚೆ ಒಂದು ಅನುಮಾನ ತೀರಿಸಿಕೊಳ್ಳಿ. ಆ 3 ಸೆಕೆಂಡಿನ ಓಲಾಟ ನಿಜವಾಗಿಯೂ ಇದೆಯಾ? ಫಿಶ್ ಹತ್ತಿರ ಕೇಬಲ್ ಹೆಚ್ಚುಕಡಿಮೆ ನೆಟ್ಟಗಿರುತ್ತೆ. 8 ಮಿಮೀ ಕೇಬಲ್ ಹಿಂದೆ ಸುಳಿಗಳು ಕಳಚಿಕೊಳ್ಳುವ ಆವರ್ತನ, ಸ್ಟ್ರೌಹಾಲ್ ಸಂಖ್ಯೆ (ಸುಳಿಯ ಆವರ್ತನವನ್ನು ವೇಗ, ದಪ್ಪಗಳಿಗೆ ಜೋಡಿಸುವ ಅಂಕಿ) 0.2 ಹಿಡಿದರೆ, ಈ ವೇಗದಲ್ಲಿ ಸುಮಾರು 70 ಹರ್ಟ್ಜ್. ಆ ನಡುಕ ಫಿಶ್‌ಗೆ ಇಳಿಯುತ್ತೆ. ನಿಮ್ಮ ದಾಖಲೆ 20 ಹರ್ಟ್ಜ್. ಸೆನ್ಸರ್‌ನಲ್ಲಿ ಸರಿಯಾದ ಫಿಲ್ಟರ್ ಇಲ್ಲದಿದ್ದರೆ 60.3 ಹರ್ಟ್ಜ್‌ನ ನಡುಕ ಆ ದಾಖಲೆಯಲ್ಲಿ 0.3 ಹರ್ಟ್ಜ್ ಆಗಿ, ಅಂದರೆ 3 ಸೆಕೆಂಡ್ ಚಿಲ್ಲರೆಯ ಓಲಾಟವಾಗಿ ಕಾಣುತ್ತೆ. ಒಂದು ಓಟ 200 ಹರ್ಟ್ಜ್‌ನಲ್ಲಿ ದಾಖಲಿಸಿ. ಅದು ಆಗದಿದ್ದರೆ ಸೋನಾರ್ ಚಿತ್ರ ನೋಡಿ: ತಳದಲ್ಲಿ ನೇರವಾಗಿರುವ ಪೈಪ್ ಅಥವಾ ಕೇಬಲ್ ದೂರದ ಅಂಚಿನಲ್ಲಿ ಅಲೆಅಲೆಯಾಗಿ ಕಂಡರೆ ಓಲಾಟ ನಿಜ.

ಲಂಗರು_ಲೆಕ್ಕ

ನಡುಕದ ಮಾತು ಬಂದಿದ್ದಕ್ಕೆ ಇದನ್ನೂ ಸೇರಿಸ್ತೀನಿ. ನಡುಗುವ ಕೇಬಲ್‌ಗೆ ನೀರಿನ ತಡೆ ಜಾಸ್ತಿ. ಈ 8 ಮಿಮೀ ಕೇಬಲ್ಲನ್ನೇ ತುಂಬಾ ಉದ್ದ ಬಿಟ್ಟರೆ, ಫಿಶ್‌ನ ಭಾರ ಲೆಕ್ಕಕ್ಕೆ ಬಾರದ ಮೇಲ್ಭಾಗದಲ್ಲಿ ಅದು ನಿಲ್ಲುವ ಇಳಿಜಾರು ಹೀಗೆ: ತಡೆಯ ಗುಣಾಂಕ 1.2 ಇದ್ದಾಗ ಸೆಕೆಂಡಿಗೆ 1 ಮೀ ವೇಗದಲ್ಲಿ ಮಟ್ಟಕ್ಕೆ 35°, 2 ಮೀ ವೇಗದಲ್ಲಿ 18°, 3 ಮೀ ವೇಗದಲ್ಲಿ ಬರೀ 12°. ನಡುಕದಿಂದ ಗುಣಾಂಕ 2ಕ್ಕೆ ಏರಿದರೆ 2 ಮೀ ವೇಗದ 18° ಇಳಿದು 14° ಆಗುತ್ತೆ. ವೇಗ ಏರಿಸ್ತಾ ಹೋದ ಹಾಗೆ ಫಿಶ್ ಮೇಲೆ ಬರ್ತಾ ಇರುತ್ತೆ ಅಂತ ಅರ್ಥ. 60 ಮೀ ಕೇಬಲ್‌ನಲ್ಲಿ 6 ನಾಟ್ ಹೊಡೆದು ಓಲಾಡಿತು ಅಂದರೆ, ಅದು ವೇಗಕ್ಕೋ ಅಥವಾ ಮೇಲೆ ಬಂದು ಅಲೆಯ ಪದರಕ್ಕೆ ಸಿಕ್ಕಿದ್ದಕ್ಕೋ ಗೊತ್ತಾಗಲ್ಲ. ಪ್ರತಿ ವೇಗದಲ್ಲೂ ಒತ್ತಡದ ಸೆನ್ಸರ್ ನೋಡಿ, ಆಳ ಒಂದೇ ಇರುವ ಹಾಗೆ ಕೇಬಲ್ ಬಿಡಬೇಕು. 1 ಡೆಸಿಬಾರ್ ಅಂದರೆ ಹತ್ತಿರಹತ್ತಿರ 1 ಮೀ ಆಳ.

ಪ್ರೊಪೆಲರ್ ಸುಳಿ ಬೇರೆ ಇದೆ. ಕೇಬಲ್ ಹಡಗಿನ ನಡುಗೆರೆಯಿಂದ ಇಳಿದು ಫಿಶ್ ಮೇಲ್ಮಟ್ಟಕ್ಕೆ ಹತ್ತಿರ ಇದ್ದರೆ ರೋಲ್ ದಾಖಲೆಯಲ್ಲಿ ಬರುವುದೆಲ್ಲ ಪ್ರೊಪೆಲರ್‌ದೇ. ಪಕ್ಕದ ಡೇವಿಟ್‌ನಿಂದ (ಹಡಗಿನಾಚೆ ಚಾಚುವ ಎತ್ತುತೋಳು) ಎಳೆಯಿರಿ, ಇಲ್ಲವೇ ಆಳಕ್ಕೆ ಇಳಿಸಿ.

ತಳಸಮೀಕ್ಷೆ

ಎಲ್ಲರಿಗೂ ಧನ್ಯವಾದ. ತೊಟ್ಟಿಯ ಪರೀಕ್ಷೆ ಆಯಿತು: ಅರ್ಧ ಕೆಜಿ, 20 ಸೆಂಮೀಗೆ ಎರಡೂ ಕಡೆ 4° ವಾಲಿತು. ಗುರುತ್ವ ಕೇಂದ್ರ ಟೋ ಪಾಯಿಂಟ್‌ಗಿಂತ 9 ಸೆಂಮೀ ಕೆಳಗೆ, ತೇಲುಬಲದ ಕೇಂದ್ರ 8.5 ಸೆಂಮೀ ಕೆಳಗೆ. ಕೇಬಲ್ ಉದ್ದ ಬದಲಿಸಿದರೂ ವಾಲುವ ಕೋನ ಹಾಗೇ ಇದೆ. 200 ಹರ್ಟ್ಜ್ ದಾಖಲೆಯಲ್ಲೂ 3 ಸೆಕೆಂಡಿನ ಓಲಾಟ ಇದೆ, ಎದುರುಬದುರು ಓಟದಲ್ಲೂ ಜಾಗ ಬಿಟ್ಟು ಸರಿದಿಲ್ಲ. ಅಡ್ಡ ರೆಕ್ಕೆ ಒಂದೊಂದೂ 0.03 ಚದರ ಮೀ, ನಡುಗೆರೆಯಿಂದ ಅದರ ಮಧ್ಯಕ್ಕೆ 18 ಸೆಂಮೀ, ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 15 ಸೆಂಮೀ.

ಸೊನ್ನೆ_ಡಿಗ್ರಿ

ಲೆಕ್ಕ ಚೆನ್ನಾಗಿ ಕೂಡುತ್ತಿದೆ. 40 ಕೆಜಿ ಗುಣಿಸು 9 ಸೆಂಮೀ, 360. ತೇಲುಬಲ 25.6 ಗುಣಿಸು 8.5, ಸುಮಾರು 218. ವ್ಯತ್ಯಾಸ 142 ಕೆಜಿ-ಸೆಂಮೀ. ಸೀಸದ 10 ಕೆಜಿ-ಸೆಂಮೀ ಇದನ್ನು 4° ವಾಲಿಸಬೇಕು, ವಾಲಿಸಿದೆ. 9° ವಾಲಲು ಬೇಕಾದದ್ದು 22 ಕೆಜಿ-ಸೆಂಮೀ ಚಿಲ್ಲರೆ, ಅಂದರೆ 2.2 ನ್ಯೂಟನ್-ಮೀಟರ್.

ಈಗ ರೆಕ್ಕೆ. 2.83 ಮೀ ವೇಗದಲ್ಲಿ ನೀರಿನ ಚಲನ ಒತ್ತಡ ಸುಮಾರು 4100 ಪ್ಯಾಸ್ಕಲ್. ಇಂಥ ಗಿಡ್ಡ ರೆಕ್ಕೆಗೆ ಲಿಫ್ಟ್ ಗುಣಾಂಕ ಡಿಗ್ರಿಗೆ 0.04 ಅಂತ ಇಟ್ಟುಕೊಂಡರೆ, ಒಂದು ರೆಕ್ಕೆ 1° ಓರೆಯಾದರೆ ಸುಮಾರು 0.9 ನ್ಯೂಟನ್-ಮೀಟರ್ ಹುಟ್ಟುತ್ತೆ. ಒಂದೇ ರೆಕ್ಕೆಯ ತಪ್ಪಾದರೆ ಓರೆ ಎರಡೂವರೆ ಡಿಗ್ರಿ. 15 ಸೆಂಮೀ ಅಗಲಕ್ಕೆ ಹಿಂದಿನ ಅಂಚು 6–7 ಮಿಮೀ ಆಚೀಚೆ. ಕಣ್ಣಿಗೇ ಕಾಣುವಷ್ಟು! ಮೈಯನ್ನು ಮಟ್ಟದ ಮೇಜಿನ ಮೇಲೆ ಬಿಗಿದು, ಎರಡೂ ಅಡ್ಡ ರೆಕ್ಕೆಗಳ ಮುಂದಿನ ಅಂಚು, ಹಿಂದಿನ ಅಂಚುಗಳ ಎತ್ತರವನ್ನು ಹೈಟ್ ಗೇಜ್‌ನಿಂದ ಅಳೆದು ಹೋಲಿಸಿ. ಎರಡು ರೆಕ್ಕೆಗಳೂ ಪಾಲು ಹಂಚಿಕೊಂಡಿದ್ದರೆ ತಲಾ 3 ಮಿಮೀ ಸಿಗಬಹುದು.

ಅಡ್ಡ ರೆಕ್ಕೆ ಸರಿಯಾಗಿದ್ದರೆ ನೆಟ್ಟಗಿನವನ್ನು ನೋಡಿ. ಮೇಲಿನದು ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ಓರೆಯಾದರೂ ಇದೇ ಫಲ.

ಹಿಂದಿನ_ಡೆಕ್

ರೆಕ್ಕೆ ಬಗ್ಗಿಸೋ ಬದಲು ಕೆಳಗೆ ಎರಡು ಕೆಜಿ ಸೀಸ ಕಟ್ಟಿದರೆ ಆಗಲ್ವಾ? ಎಲ್ಲರೂ ಮಾಡೋದು ಅದೇ.

ಸೊನ್ನೆ_ಡಿಗ್ರಿ

ಲೆಕ್ಕ ಹಾಕಿ ನೋಡಿ. 2 ಕೆಜಿ ಸೀಸ ನೀರಿನಲ್ಲಿ 1.8 ಕೆಜಿ. ಟೋ ಪಾಯಿಂಟ್‌ಗಿಂತ 15 ಸೆಂಮೀ ಕೆಳಗೆ ಕಟ್ಟಿದರೆ ಸೇರುವುದು 27. 142 ಇದ್ದದ್ದು 169, ವಾಲುವುದು 9°ಯಿಂದ 7.6°ಗೆ ಇಳಿಯುತ್ತೆ. ಅಷ್ಟೇ. ಟೋ ಪಾಯಿಂಟನ್ನೇ 2 ಸೆಂಮೀ ಎತ್ತರಿಸಿದರೂ ಇಷ್ಟೇ ಲಾಭ, ಒಂದು ಗ್ರಾಂ ಸೀಸವೂ ಬೇಕಿಲ್ಲ. ಆದರೆ ಎತ್ತರಿಸಿದಷ್ಟೂ ಕೇಬಲ್‌ನ ಮುಂದಕ್ಕೆಳೆಯುವ ಪಾಲು ಮೂತಿಯನ್ನು ಕೆಳಗೆ ಬಗ್ಗಿಸುತ್ತೆ. ಅದನ್ನು ಸರಿದೂಗಿಸಲು ಟೋ ಪಾಯಿಂಟನ್ನು ಒಂದು ರಂಧ್ರ ಮುಂದಕ್ಕೆ ಸರಿಸಬೇಕಾಗುತ್ತೆ; ಹಾಗೆ ಮಾಡಿದರೆ ನಿಂತ ನೀರಿನಲ್ಲಿ ಮೂತಿ ಮೇಲಕ್ಕೆ ಏಳುತ್ತೆ. ಓರೆ ರೆಕ್ಕೆಗೆ ಮದ್ದು ರೆಕ್ಕೆಯಲ್ಲೇ ಇದೆ.

ಕಡಲಗುಂಟ

ಓಲಾಟಕ್ಕೆ ನನ್ನ ಅನುಮಾನ ರೆಕ್ಕೆಯ ಸಡಿಲ. ನೆಟ್ಟಗಿನ ರೆಕ್ಕೆಯ ಹಿಂದಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಬುಡದ ಬೋಲ್ಟ್ ರಂಧ್ರ ಸವೆದು ಅಗಲವಾಗಿದ್ದರೆ 'ಟಕ್' ಅಂತ ಕೈಗೆ ಗೊತ್ತಾಗುತ್ತೆ. ಡಯಲ್ ಗೇಜ್ ಇಟ್ಟು ಅಳೆದರೆ 15 ಸೆಂಮೀ ಅಗಲದ ರೆಕ್ಕೆಯಲ್ಲಿ 2.6 ಮಿಮೀ ಆಟ ಅಂದರೆ 1° ಸಡಿಲ. ಆ ಒಂದು ಡಿಗ್ರಿಯೊಳಗೆ ರೆಕ್ಕೆಗೆ ಫಿಶ್ಶನ್ನು ತಿದ್ದುವ ಬಲವೇ ಇಲ್ಲ. ಮೂತಿ ಅತ್ತ ಹೋಗಿ ರೆಕ್ಕೆ ಕಚ್ಚಿಕೊಂಡಾಗ ವಾಪಸ್ ತಳ್ಳುತ್ತೆ, ಮತ್ತೆ ಇತ್ತ ಹೋಗಿ ಕಚ್ಚುತ್ತೆ.

ಖಚಿತ ಮಾಡಿಕೊಳ್ಳುವುದು ಹೀಗೆ: ನೇರ ಓಟದಲ್ಲಿ ಚುಕ್ಕಾಣಿ 5° ಕೊಟ್ಟು 10 ಸೆಕೆಂಡ್ ಹಿಡಿದು ವಾಪಸ್ ತನ್ನಿ. ಫಿಶ್ ಹೆಚ್ಚು ಓಲಾಡಿ ಇಳಿಯುತ್ತೆ. ಇಳಿದು ಇಳಿದು ಸೊನ್ನೆಗೆ ಬಂದರೆ ಡ್ಯಾಂಪಿಂಗ್ (ಓಲಾಟವನ್ನು ತಣಿಸುವ ತಡೆ) ಇದೆ. ಒಂದೊಂದು ಸುತ್ತಿಗೂ ಅರ್ಧಕ್ಕೆ ಇಳಿದರೆ ಡ್ಯಾಂಪಿಂಗ್ ಅನುಪಾತ 0.11, ಮೂರನೇ ಒಂದಕ್ಕೆ ಇಳಿದರೆ 0.17. ಎಷ್ಟೇ ಜೋರಾಗಿ ಕದಡಿದರೂ ಮತ್ತೆ ಅದೇ 2°ಗೆ ಬಂದು ನಿಂತುಬಿಟ್ಟರೆ ಸಡಿಲವೇ ಕಾರಣ ಅಂತ ಬಹುತೇಕ ಹೇಳಬಹುದು. ಬುಡಕ್ಕೆ ಬುಶ್ (ರಂಧ್ರದೊಳಗೆ ಕೂರುವ ಗಿಡ್ಡ ಕೊಳವೆ) ಹಾಕಿ, ಅಳತೆಗೆ ಸರಿಹೊಂದುವ ಬೋಲ್ಟ್ ಬಿಗಿದು, ಮತ್ತೆ ಅದೇ ಪರೀಕ್ಷೆ ಮಾಡಿ.

ಸಡಿಲ ತೆಗೆದ ಮೇಲೂ ಓಲಾಡಿದರೆ ನೆಟ್ಟಗಿನ ರೆಕ್ಕೆಯ ವಿಸ್ತೀರ್ಣ ಸಾಲದು, ಇಲ್ಲವೇ ಟೋ ಪಾಯಿಂಟ್ ತೀರಾ ಹಿಂದಿದೆ.

ತಳಸಮೀಕ್ಷೆ

ಮೇಲಿನ ನೆಟ್ಟ ರೆಕ್ಕೆಯಲ್ಲಿ 3 ಮಿಮೀ ಆಟ ಇದೆ, ಬೋಲ್ಟ್ ರಂಧ್ರ ಮೊಟ್ಟೆಯಾಕಾರ ಆಗಿದೆ. ಎಡ ಅಡ್ಡ ರೆಕ್ಕೆಯ ಹಿಂದಿನ ಅಂಚು 6 ಮಿಮೀ ಮೇಲೆ. ಎರಡೂ ಸಿಕ್ಕವು. ಸರಿಪಡಿಸಿ ಮತ್ತೆ ಪರೀಕ್ಷೆ ಮಾಡುವಾಗ ಎಷ್ಟಿದ್ದರೆ 'ಸಾಕು' ಅನ್ನಬೇಕು? ಒಪ್ಪಿಗೆ ಪತ್ರದಲ್ಲಿ 'ಸ್ಥಿರವಾಗಿರಬೇಕು' ಅಂತ ಮಾತ್ರ ಇದೆ.

ಲಂಗರು_ಲೆಕ್ಕ

'ಸ್ಥಿರವಾಗಿರಬೇಕು' ಅಂತ ಬರೆದವರಿಗೆ ನಮಸ್ಕಾರ. ಮಿತಿ ಬರಬೇಕಾದ್ದು ಸೋನಾರ್‌ನಿಂದ. 100 ಮೀ ವ್ಯಾಪ್ತಿಗೆ ಶಬ್ದ ಹೋಗಿ ಬರಲು 0.133 ಸೆಕೆಂಡ್ ಬೇಕು. ನಿಮ್ಮ ಓಲಾಟ 2°, 3 ಸೆಕೆಂಡ್ ಅಂದರೆ ಮೂತಿ ತಿರುಗುವ ಗರಿಷ್ಠ ವೇಗ ಸೆಕೆಂಡಿಗೆ 4.2°. ಶಬ್ದ ವಾಪಸ್ ಬರುವಷ್ಟರಲ್ಲಿ ಫಿಶ್ 0.56° ತಿರುಗಿರುತ್ತೆ. ಬೀಮ್ (ಸೋನಾರ್‌ನ ಶಬ್ದದ ಕಿರಣ) ಅಗಲ 0.5° ಆಗಿದ್ದರೆ ಕಳಿಸಿದ ಕಡೆಯಿಂದ ಬರುವ ಪ್ರತಿಧ್ವನಿಗೆ ಫಿಶ್ ಕಿವಿ ತಿರುಗಿಸಿಕೊಂಡಿದೆ ಅಂತಾಯ್ತು. ಚಿತ್ರದ ಅಂಚಿನಲ್ಲಿ ಕಪ್ಪು ಪಟ್ಟೆ ಬರುತ್ತೆ. ಅದೇ 50 ಮೀ ವ್ಯಾಪ್ತಿಗೆ 0.28°, ಪರವಾಗಿಲ್ಲ.

ಹಾಗಾಗಿ ಕೋನಕ್ಕಿಂತ ತಿರುಗುವ ವೇಗಕ್ಕೆ ಮಿತಿ ಹಾಕಿ. ಬೀಮ್ ಅಗಲದ ಕಾಲು ಭಾಗ ಅಂತ ಇಟ್ಟರೆ 100 ಮೀಗೆ ಸೆಕೆಂಡಿಗೆ ಸುಮಾರು 0.9°. ಕೋನಕ್ಕೆ ಬೇರೆಯೇ ಮಿತಿ ಬೇಕು, ಯಾಕಂದರೆ 2° ತಪ್ಪಿದರೆ 100 ಮೀ ದೂರದ ವಸ್ತು ನಕ್ಷೆಯಲ್ಲಿ 3.5 ಮೀ ಆಚೆ ಕೂರುತ್ತೆ. ಹೆಡಿಂಗ್ (ಮೂತಿಯ ದಿಕ್ಕು) ದಾಖಲೆಯಿಂದ ಅದನ್ನು ಆಮೇಲೆ ತಿದ್ದಬಹುದು, ಕಳೆದುಹೋದ ಪ್ರತಿಧ್ವನಿಯನ್ನು ತಿದ್ದಲಾಗಲ್ಲ.

ಮತ್ತೆ ಎಳೆಯುವಾಗ 3 ನಾಟ್‌ನಿಂದ ಶುರುಮಾಡಿ ಅರ್ಧರ್ಧ ನಾಟ್ ಏರಿಸಿ, ಕೆಲಸದ ವೇಗಕ್ಕಿಂತ 1 ನಾಟ್ ಮೇಲಕ್ಕೆ ಹೋಗಿ ನಿಲ್ಲಿಸಿ. ವೇಗ ನೀರಿಗೆ ಹೋಲಿಸಿದ್ದು ಇರಲಿ; ಜಿಪಿಎಸ್ ವೇಗದಲ್ಲಿ ಪ್ರವಾಹ ಬೆರೆತಿರುತ್ತೆ. ವೇಗ ಬದಲಿಸಿದ ಮೇಲೆ ಕೇಬಲ್ ತನ್ನ ಆಕಾರಕ್ಕೆ ಬರಲು ಕೇಬಲ್‌ನ ಮೂರು ಉದ್ದದಷ್ಟು ದೂರ ಸಾಗಲಿ. 60 ಮೀಗೆ ಒಂದೂವರೆ ನಿಮಿಷ ಸಾಕು, 300 ಮೀ ಬಿಟ್ಟಿದ್ದರೆ 2 ಮೀ ವೇಗದಲ್ಲಿ ಏಳೂವರೆ ನಿಮಿಷ. ಆಮೇಲೆ 5 ನಿಮಿಷ ದಾಖಲಿಸಿ, 3 ಸೆಕೆಂಡಿನ ಓಲಾಟ ನೂರು ಸಲ ಸಿಗುತ್ತೆ. ಹಡಗಿನ ಮೋಷನ್ ಸೆನ್ಸರ್, ಫಿಶ್, ಕೇಬಲ್ ಎಳೆತದ ಲೋಡ್ ಸೆಲ್, ಮೂರಕ್ಕೂ ಒಂದೇ ಗಡಿಯಾರ. ಅದಿಲ್ಲದಿದ್ದರೆ ಹಡಗಿಗೂ ಫಿಶ್‌ಗೂ ಸಂಬಂಧ ಇದೆಯೋ ಇಲ್ಲವೋ ತೋರಿಸಲು ಆಗಲ್ಲ.

ಹಿಂದಿನ_ಡೆಕ್

ಒರಟು ಸಮುದ್ರದ ಓಟಕ್ಕೆ ಒಂದು ಎಚ್ಚರಿಕೆ. ಈ ಫಿಶ್ ಬಿಟ್ಟರೆ ತಾನಾಗಿ ಮುಳುಗುವ ವೇಗ ಎಷ್ಟು? ನೀರಿನಲ್ಲಿ 14.4 ಕೆಜಿ, ಮೇಲಿನಿಂದ ಕಾಣುವ ವಿಸ್ತೀರ್ಣ 0.2 ಚದರ ಮೀ ಅಂದುಕೊಂಡರೆ ಸೆಕೆಂಡಿಗೆ 1.1 ಮೀ ಆಸುಪಾಸು. ಹಡಗಿನ ಹಿಂತುದಿ 7 ಸೆಕೆಂಡಿಗೊಮ್ಮೆ ಮೇಲೆ 1.25 ಮೀ, ಕೆಳಗೆ 1.25 ಮೀ ಆಡಿದರೆ ಅದು ಇಳಿಯುವ ಗರಿಷ್ಠ ವೇಗವೂ ಅಷ್ಟೇ. ಗಿಡ್ಡ ಕೇಬಲ್‌ನಲ್ಲಿ ಹೀಗಾದರೆ ಕೇಬಲ್ ಸಡಿಲವಾಗಿ, ಮುಂದಿನ ಏರಿಕೆಗೆ ಝಟಕಾ ಕೊಟ್ಟು ಬಿಗಿಯುತ್ತೆ. ಟರ್ಮಿನೇಶನ್ (ಕೇಬಲ್ ತುದಿಯ ಜೋಡಣೆ) ಹೋಗೋದು ಇಲ್ಲೇ. ಲೋಡ್ ಸೆಲ್ ದಾಖಲೆಯಲ್ಲಿ ಎಳೆತ ಸೊನ್ನೆ ಮುಟ್ಟಿತಾ ಅಂತ ನೋಡ್ತಾ ಇರಿ, ಮುಟ್ಟಿದ ಕೂಡಲೇ ಓಟ ನಿಲ್ಲಿಸಿ.

ಅಂಥ ಸಮುದ್ರದಲ್ಲೇ ಕೆಲಸ ಅನ್ನುವುದಾದರೆ ಭಾರವನ್ನು ಬೇರೆ ಮಾಡಿ: ಕೇಬಲ್ ತುದಿಯಲ್ಲಿ ಭಾರದ ಗುಂಡು, ಅದರ ಹಿಂದೆ 15–30 ಮೀ ತೆಳು ಕೇಬಲ್, ಅದರ ತುದಿಗೆ ತೇಲುಬಲ ಸರಿದೂಗಿಸಿದ ಫಿಶ್. ಅಲೆಯ ಏರಿಳಿತವನ್ನೆಲ್ಲ ಗುಂಡು ನುಂಗುತ್ತೆ.

ತಳಸಮೀಕ್ಷೆ

ಕೇಬಲ್ಲನ್ನು ಕೆಳಗೆ ಎಳೆಯುವ, ರೆಕ್ಕೆ ಇರುವ ಡಿಪ್ರೆಸರ್ ಹಾಕಿದರೆ?

ಸೊನ್ನೆ_ಡಿಗ್ರಿ

ಆಳಕ್ಕೆ ಒಳ್ಳೆಯದು, ಆದರೆ ವೇಗದ ವರ್ಗದ ಕಾಟ ಅದಕ್ಕೆ ಇನ್ನೂ ಜಾಸ್ತಿ. 600 ನ್ಯೂಟನ್ ಕೆಳಗೆ ಎಳೆಯುವ ಡಿಪ್ರೆಸರ್ 5° ವಾಲಿದರೆ 52 ನ್ಯೂಟನ್ ಪಕ್ಕಕ್ಕೆ ಹೋಗುತ್ತೆ, ಇಡೀ ಕೇಬಲ್ ಹಡಗಿನ ನೇರದಿಂದ ಆಚೆ ಸರಿಯುತ್ತೆ. ಈಗಿನ ಫಿಶ್ 0.5°ಗಿಂತ ಕಡಿಮೆ ವಾಲುವವರೆಗೆ ಡಿಪ್ರೆಸರ್ ಜೋಡಿಸಬೇಡಿ. ಯಾರ ತಪ್ಪು ಯಾರದ್ದು ಅಂತ ಬಿಡಿಸಲು ಆಗಲ್ಲ.

ಕಡಲಗುಂಟ

ತಿರುವಿನ ಓಟವನ್ನೂ ಪಟ್ಟಿಗೆ ಸೇರಿಸಿ. ಹಡಗು ತಿರುಗುವಾಗ ಫಿಶ್ ಒಳಗಿನ ಗಿಡ್ಡ ದಾರಿ ಹಿಡಿಯುತ್ತೆ, ಅದರ ವೇಗ ಇಳಿಯುತ್ತೆ, ಹಾಗಾಗಿ ಮುಳುಗುತ್ತೆ. ತಳದಿಂದ 10 ಮೀ ಮೇಲೆ ಎಳೆಯುತ್ತಿದ್ದರೆ ತಿರುವಿಗೆ ಮುಂಚೆಯೇ ಕೇಬಲ್ ಎಳೆದುಕೊಳ್ಳಿ. ಮೊದಲ ತಿರುವುಗಳನ್ನು ಆಳದ ನೀರಿನಲ್ಲಿ ಮಾಡಿ, ಎಷ್ಟು ಮೀಟರ್ ಇಳಿಯಿತು ಅಂತ ಬರೆದಿಟ್ಟುಕೊಂಡರೆ ಆಮೇಲೆ ಅದೇ ಅಂಕಿ ವಿಂಚ್ ಆಪರೇಟರ್‌ಗೆ ಕೊಡಬಹುದು. ಶಿಯರ್ ಪಿನ್ (ಫಿಶ್ ಎಲ್ಲಾದರೂ ಸಿಕ್ಕಿಕೊಂಡರೆ ಮುರಿಯಲೆಂದೇ ಹಾಕಿದ ಪಿನ್) ಮುರಿದಾಗ ಬಾಲದಿಂದ ಎಳೆಯುವ ಸುರಕ್ಷಾ ತಂತಿ, ಹೊಸ ಬುಶ್ ಹಾಕಿದ ರೆಕ್ಕೆಯ ಮೇಲೆ ಹಾದುಹೋಗದಂತೆ ನೋಡಿಕೊಳ್ಳಿ. ಸಡಿಲ ಬಿಟ್ಟ ತಂತಿ ಒಂದು ಪಕ್ಕಕ್ಕೆ ಬಿದ್ದರೆ ನೀವು ತೆಗೆದ ಓರೆ ಅದರಿಂದಲೇ ವಾಪಸ್ ಬರುತ್ತೆ. ಮೈಗೆ ಟೇಪ್ ಹಾಕಿ, ಮೇಲ್ಗಡೆ ನಡುಗೆರೆಯ ಮೇಲೆ ಕೂರಿಸಿ.